ಮೇಲಿನ ಸಾಲು

"ನಿನ್ ಕೈಗೆ ಹುಳ ಬೀಳಾ! ಒಂದು ಮೀನು ನೆಟ್ಟಗೆ ಕಟ್ಟಾಕೂ ಬರಾಕಿಲ್ವೇನೆ ಬೋಸುಡಿ?"

ಪ್ಯೋ ಧಣಿ ಬೂಟುಗಾಲಲ್ಲಿ ಒದ್ದ ಮೀನು ಮಾಲ್ಸುನ್‌ಳ ಮಡಿಲಿಗೆ ಬಿತ್ತು. ಹಿಮದಲ್ಲಿ ತೂಗಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಮಾಗಿ ಮುಗಿಯುವ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗಬೇಕಾದ ಮೀನು. ಈ ಸಲ ಜನವರಿಯಲ್ಲೇ ಮೂರು ದಿನ ಮಳೆ ಹೊಯ್ದು, ಬೆಟ್ಟದ ತಪ್ಪಲಿನ ಈ ಅಂಗಳದಲ್ಲಿ ತೂಗುಹಾಕಿದ್ದೆಲ್ಲ ಕಪ್ಪಾಗಿ ಕೊಳೆತಿತ್ತು. ಬೈಗುಳ ಅವಳಿಗೆ ನಾಟಲಿಲ್ಲ. ಇಲ್ಲೇ ಮೀನು ಕಟ್ಟುತ್ತ ಮೂವತ್ತೆಂಟು ಚಳಿಗಾಲ ಕಂಡ ಮನಸ್ಸು ಜೋಮು ಹಿಡಿದಿತ್ತು.

"ನಮ್ ಮೀನಿಗೆ ದುಡ್ಡು ಹಾಕೋ ಸಾವ್ಕಾರ ಸಿಯೋಲಿಂದ ಬತ್ತಾವ್ನೆ. ಇಲ್ಲಿ ಹಿಮ ಬೀಳೋದು ನಿಂತೈತೆ ಅಂತ ಯಾವನೋ ಅವನ ಕಿವಿ ಊದವ್ನೆ, ಅದು ನಿಜ ಅಂತ ಕಂಡ್ರೆ ದುಡ್ಡು ನಿಲ್ಲಿಸ್ತಾನೆ. ನಾನೇ ಸರಿಯಾಗಿ ಕಟ್ಲಿಲ್ಲ, ಅದ್ಕೇ ಕೊಳೀತು ಅಂತ ನೀನು ಯೋಳ್ಬೇಕು. ಇಲ್ದಿದ್ರೆ ಈ ಕಣಿವೇಲಿ ಯಾವನೂ ನಿಂಗೆ ಕೆಲ್ಸ ಕೊಡಾಕಿಲ್ಲ."

ಹಾಗೆ ಹೇಳಿದರೂ ಕೊಡುವುದಿಲ್ಲ. ಮೀನು ಕೊಳೆಸಿದ ಕೈಯನ್ನು ಯಾರು ಕರೆಯುತ್ತಾರೆ? ಅತ್ತ ದರಿ, ಇತ್ತ ಪುಲಿ.

ಧಣಿಯ ಅಪ್ಪಣೆಯಂತೆ ಅವಳೂ, ಜೊತೆಗೆ ದುಡಿಯುವ ಬುನ್ಯೊ ಎಂಬಾಕೆಯೂ ಬಿಸಿಲು ಬೀಳದ ಕೊರಕಲಿನಿಂದ ಹಳೇ ಹಿಮ ಹೊತ್ತು ತಂದು ಅಂಗಳಕ್ಕೆ ಹರಡಿದರು.

"ಕಡಲು ಕಾದು ನಮ್ ಮೀನು ಓಡೋಯ್ತು, ರಷ್ಯಾದ್ ಮೀನು ಬಂತು," ಎಂದಳು ಬುನ್ಯೊ, ಬುಟ್ಟಿ ಕವುಚುತ್ತ. "ಈಗ ಹಿಮಾನೂ ಹೊತ್ಕಂಡು ಬತ್ತಾ ಇದೀವಿ. ನಾಳೆ ಉತ್ತರದ ಗಾಳೀನೂ ನಾವೇ ಊದ್ಬೇಕೇನೋ ಅಕ್ಕಾ!"

"ಅದೂ ಸೊರಗೈತೆ ಕಣೆ. ಕಲ್ಲಿದ್ದಲು ಹೊಗೆಗೆ ಭೂಮೀನೇ ಕಾದೈತೆ ಅಂತ ರೇಡಿಯೋದಲ್ಲಿ ಬಡ್ಕತಾರೆ. ನಮ್ ಕೈ ಒಂದೇ ಕಾಯಾಕಿಲ್ಲ."

ಮಧ್ಯಾಹ್ನ ಸಾಹುಕಾರ ಬಂದ. ಬಿಳಿ ಅಂಗಳ ಕಂಡು ಮುಖ ಅರಳಿತು. "ಹಿಮ ಚೆನ್ನಾಗಿಯೇ ಇದೆಯಲ್ಲ!"

"ನಮ್ಮಪ್ಪನ ಕಾಲ್ದಿಂದ ಹಿಂಗೇ ಬೀಳ್ತದೆ ಬುದ್ಧಿ," ಧಣಿ ಹಲ್ಲುಗಿಂಜಿದ. "ಈ ಮುದಿಗೊಡ್ಡು ಕಟ್ಟೋದ್ರಲ್ಲಿ ಕೆಡಿಸಿದ್ಲು. ಬೊಗಳೇ, ಯೋಳು!"

ಮಾಲ್ಸುನ್ ಹಿತ್ತಿಲಿಂದ ಏಣಿ ಎಳೆದು ತಂದು ಮೀನು ತೂಗುವ ಚಪ್ಪರಕ್ಕೆ ಒರಗಿಸಿ ಹತ್ತಿದಳು. ತುದಿಯ ಕೋಲು ಕೈಗೆ ಸಿಕ್ಕಿತು.

"ನಾನು ಮದ್ವೆಯಾಗಿ ಬಂದಾಗ ಏಣಿ ಅನ್ನೋದೇ ಇರ್ನಿಲ್ಲ ಸಾವ್ಕಾರ್ರೇ. ಹಿಮದ್ ಮೇಲೆ ನಿಂತ್ಕಂಡೇ ಈ ಮೇಲಿನ ಸಾಲಿಗೆ ಮೀನು ಕಟ್ತಿದ್ವಿ."

"ಇಳಿಯೇ ಮುಂಡೆ!" ಧಣಿ ಏಣಿ ಕಿತ್ತು ಎಸೆದ.

ಅವಳು ಕೋಲಿಗೆ ಜೋತುಬಿದ್ದಳು, ಕೊಳೆತ ಮೀನುಗಳ ನಡುವೆ. ಬುನ್ಯೊ ಚೀರಿದಳು. ಸಾಹುಕಾರ ಎರಡು ಹೆಜ್ಜೆ ಹಿಂದೆ ಸರಿದ.

"ಅಳತೆ ಮಾಡ್ಕಳ್ಳಿ ಸಾವ್ಕಾರ್ರೇ," ಎಂದಳು ಅಲ್ಲಿಂದಲೇ. "ನನ್ ಕಾಲಿಂದ ನೆಲಕ್ಕೆ ಎಷ್ಟೈತೋ, ಅಷ್ಟು ಹಿಮ ಹೋಗೈತೆ."