ಚೊಗರು ಸೀರೆ

ಬಿಳೀ ಸೀರೆಯನ್ನು ಅತ್ತೆಯ ಕಣ್ಣಿಗೆ ಬೀಳದ ಹಾಗೆ ಮನೆಯೊಳಗೆ ತರುವುದೇ ನಿರ್ಮಲಮ್ಮನಿಗೆ ದೊಡ್ಡ ಪಾಡಾಯಿತು. ಊಟದ ಡಬ್ಬಿಯ ಚೀಲದಲ್ಲಿ ಅದನ್ನು ತುರುಕಿ, ಮೇಲೊಂದು ಕೊತ್ತಂಬರಿ ಕಟ್ಟು ಇಟ್ಟುಕೊಂಡು, ನಲ್ಲೂರಿನಲ್ಲಿ ಬಸ್ಸಿಳಿದು ಹಿತ್ತಲ ಬಾಗಿಲಿನಿಂದ ಬಂದಳು. ಗಂಡನಿರುವ ಹೆಣ್ಣು ಬಿಳೀ ಸೀರೆ ತಂದಳೆಂದು ಗೊತ್ತಾದರೆ ಅತ್ತೆ ಸಿದ್ದಲಿಂಗಮ್ಮ ಅದನ್ನು ಹೊಸ್ತಿಲಿಂದಾಚೆಗೇ ಎಸೆಯುತ್ತಿದ್ದರು.

ತರದೆ ವಿಧಿಯಿರಲಿಲ್ಲ. ಅದು ಎಂಬತ್ತೊಂದನೇ ಇಸವಿ. ಚನ್ನಗಿರಿಯ ಸಣ್ಣದೊಂದು ಸರ್ಕಾರಿ ಕಚೇರಿಯಲ್ಲಿ ಅವಳು ಟೈಪಿಸ್ಟು, ಅದೂ ತಾತ್ಕಾಲಿಕ. ಸೋಮವಾರ ಜಿಲ್ಲೆಯಿಂದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವಳನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಅವತ್ತೇ ತೀರ್ಮಾನ. ಖಾಯಂ ಆದರೆ ನ್ಯಾಮತಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿ, ಅಮಾವಾಸ್ಯೆಗೋ ಹಬ್ಬಕ್ಕೋ ಮುಖ ತೋರಿಸುವ ಗಂಡ ಮಹೇಶ್ವರಪ್ಪನನ್ನು ಕರೆಸಿಕೊಂಡು ಚನ್ನಗಿರಿಯಲ್ಲೇ ಒಂದು ಮನೆ ಮಾಡಬಹುದು. ಮಗಳು ಮಂಗಳಾ ಅಪ್ಪನನ್ನು ಕಂಡಾಗಲೆಲ್ಲ ಅಜ್ಜಿಯ ಸೆರಗಿನ ಹಿಂದೆ ಅಡಗುವುದು ತಪ್ಪುತ್ತದೆ.

ಸಾಹೇಬರಿಗೆ ಕೈಮಗ್ಗದ ಬಟ್ಟೆಯ ಮೇಲೆ ಬಹಳ ಮೋಹವಂತೆ. "ಸೋಮವಾರ ಎಲ್ರೂ ಕೈಮಗ್ಗದ್ದೇ ಹಾಕ್ಕೊಂಡು ಬರ್ರಿ. ನೈಲಾನು ಗಿಯ್ಲಾನು ಉಟ್ಟೋರು ಹಿಂದಿನ ಕೋಣ್ಯಾಗೆ ಕುಂದ್ರಿ, ಸಾಹೇಬ್ರ ಕಣ್ಣಿಗೆ ಬೀಳಬ್ಯಾಡ್ರಿ" ಎಂದು ಹೆಡ್ ಗುಮಾಸ್ತ ಪಂಚಾಕ್ಷರಪ್ಪ ಹೇಳಿದ್ದರು. ಹಿಂದಿನ ಕೋಣೆಯಲ್ಲಿ ಕೂತರೆ ಅವಳ ವಿಷಯವೂ ಅಲ್ಲೇ ಕೂರುತ್ತದೆ. ಆ ಕುರ್ಚಿಗೆ ಪಂಚಾಕ್ಷರಪ್ಪನ ಹೆಂಡತಿಯ ತಮ್ಮ ಕಾದಿರುವುದು ಕಚೇರಿಗೆಲ್ಲ ಗೊತ್ತಿತ್ತು. ಸೊಸೈಟಿ ಅಂಗಡಿಗೆ ಓಡಿದರೆ ಬಣ್ಣದ ಕೈಮಗ್ಗದ ಸೀರೆಗಳೆಲ್ಲ ಖರ್ಚಾಗಿ, ಉಳಿದದ್ದು ಸಪೂರ ಅಂಚಿನ ಬಿಳಿಯದೊಂದೇ.

ಆಗ ಅವಳಿಗೆ ಬಾಟಿಕ್ ನೆನಪಾಯಿತು. ಮದುವೆಗೆ ಮುಂಚೆ ತೌರೂರು ಜಗಳೂರಿನ ಮಹಿಳಾ ಸಮಾಜದಲ್ಲಿ ಕಲಿತದ್ದು. ಬಟ್ಟೆಯ ಮೇಲೆ ಕರಗಿದ ಮೇಣದಿಂದ ಹೂಬಳ್ಳಿ ಬರೆದು ಬಣ್ಣದಲ್ಲಿ ಅದ್ದಿದರೆ ಮೇಣವಿದ್ದ ಕಡೆ ಬಣ್ಣ ಹತ್ತುವುದಿಲ್ಲ. ಮೇಣ ಬಿರುಕು ಬಿಟ್ಟಲ್ಲಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಪೇಟೆಯ ಬಣ್ಣ ತರಲು ವೇಳೆಯಿರಲಿಲ್ಲ. ಆದರೆ ಅದು ಅಡಿಕೆ ಬೇಯಿಸುವ ಕಾಲ. ಪಕ್ಕದ ಮನೆಯ ಉಡಚಮ್ಮನ ಅಂಗಳದಲ್ಲಿ ಅಡಿಕೆ ಬೇಯಿಸಿದ ಕೆಂಪು ರಸ, ಚೊಗರು, ಕೊಡಗಟ್ಟಲೆ ಇತ್ತು. ಆ ಕಲೆ ಬಟ್ಟೆಗೆ ಒಮ್ಮೆ ಹತ್ತಿದರೆ ಬಟ್ಟೆ ಹರಿದರೂ ಹೋಗುವುದಿಲ್ಲ.

ಶನಿವಾರ ಕಚೇರಿಯಲ್ಲಿ ಇನ್ನೊಂದು ಸುದ್ದಿ. ತುಟ್ಟಿಭತ್ಯೆಗಾಗಿ ನೌಕರರ ಸಂಘದವರು ಸೋಮವಾರ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಕೆಲಸ ಮಾಡಬೇಕೆಂದು ಕರೆ ಕೊಟ್ಟಿದ್ದರು. ಕಟ್ಟಿದವರ ಮೇಲೆ ಕ್ರಮ, ತಾತ್ಕಾಲಿಕದವರಾದರೆ ಅವತ್ತೇ ಮನೆಗೆ ಎಂದು ಮೇಲಿನಿಂದ ಎಚ್ಚರಿಕೆಯೂ ಬಂದಿತ್ತು. ಸಂಘದ ಗುಮಾಸ್ತ ಕೊಟ್ರಬಸಪ್ಪ ಎಲ್ಲರಿಗೂ ಪಟ್ಟಿ ಹಂಚಿ, ಇವಳ ಮೇಜಿನ ಮುಂದೆ ಮಾತ್ರ ಕೈ ಹಿಂದಕ್ಕೆ ತೆಗೆದುಕೊಂಡ. "ನಿನಗೆ ಬ್ಯಾಡ ತಂಗೀ. ನಮ್ಮನ್ನ ಬೈತಾರೆ, ನಿನ್ನನ್ನ ಕಳಿಸ್ತಾರೆ."

ಭಾನುವಾರ ಬೆಳಿಗ್ಗೆ ಸಿದ್ದಲಿಂಗಮ್ಮ ಮೊಮ್ಮಗಳನ್ನು ಕರೆದುಕೊಂಡು ಮಠಕ್ಕೆ ಹೋದದ್ದೇ ತಡ, ನಿರ್ಮಲಮ್ಮ ಹಿಂದಿನ ದಿನವೇ ಮೇಣ ಬರೆದು ಬಚ್ಚಿಟ್ಟಿದ್ದ ಸೀರೆಯನ್ನು ಹೊರತೆಗೆದಳು. ಬಚ್ಚಲ ತಾಮ್ರದ ಹಂಡೆಗೆ ತಣ್ಣನೆಯ ಚೊಗರು ಸುರಿದು ಮುಳುಗಿಸಿದಳು. ಬಿಳುಪು ಮಾಯವಾದ ಮೇಲೆ ಅತ್ತೆ ನೋಡಿದರೂ ಚಿಂತೆಯಿಲ್ಲ. ಒಂದು ಹೊರೆ ಬಟ್ಟೆ ಹೊತ್ತು ಕಾಲುವೆಗೆ ಹೋದಳು.

ಬಂದು ನೋಡಿದರೆ ಹಂಡೆಯಲ್ಲಿ ಬಿಸಿನೀರು ಹೊಗೆಯಾಡುತ್ತಿತ್ತು. ಸಿದ್ದಲಿಂಗಮ್ಮ ಮಂಗಳಾಳ ತಲೆಗೆ ಎಣ್ಣೆ ತಟ್ಟುತ್ತಿದ್ದರು.

"ಅತ್ತೇ, ಹಂಡ್ಯಾಗೆ ಒಂದು ಸೀರೆ ಇತ್ತಲ್ಲ?"

"ಯಾರೋ ಚೊಗರು ತುಂಬಿಟ್ಟಿದ್ರು. ಕೂಸಿಗೆ ನೀರು ಹಾಕಾಕೆ ಹಂಡೆ ಬ್ಯಾಡೇನು? ಎಲ್ಲಾ ಎತ್ತಿ ಹುರುಳಿ ಕಡಾಯಿಗೆ ಸುರಿದೀನಿ ನೋಡು."

ಎಮ್ಮೆಗೆ ಹುರುಳಿ ಬೇಯಿಸುವ ಆ ಕಡಾಯಿ ಕಬ್ಬಿಣದ್ದು. ನಿರ್ಮಲಮ್ಮ ಹಿತ್ತಲಿಗೆ ಓಡಿದಳು. ಕೆಂಪಗಿದ್ದ ಚೊಗರು ದೀಪದ ಮಸಿ ಕಲಸಿದಂತಾಗಿತ್ತು. ಅಡಿಕೆ ಸುಲಿಯುವ ಕತ್ತಿಯ ಕಬ್ಬಿಣ ಸೋಕಿ ಹೆಂಗಸರ ಬೆರಳು ಕಪ್ಪಾಗುವುದನ್ನು ಆ ಊರಿನಲ್ಲಿ ಕಾಣದವರಿಲ್ಲ. ಆದರೆ ಚೊಗರು ಯಾವಾಗಲೂ ತಾಮ್ರದಲ್ಲೇ ಇರುವಂಥದ್ದು. ಅದನ್ನು ಕಬ್ಬಿಣದ ಪಾತ್ರೆಗೆ ಸುರಿದರೆ ಏನಾಗುತ್ತದೆಂದು ಯಾರೂ ನೋಡಿರಲಿಲ್ಲ. ನೋಡುವ ಪಾಳಿ ಅವಳದಾಯಿತು.

ರಾತ್ರಿ ಕುದಿನೀರಿನಲ್ಲಿ ಸೀರೆಯ ಮೇಣ ಬಿಡಿಸಿ, ಒಳಗಿನ ಹಗ್ಗದ ಮೇಲೆ ಹರವಿದಾಗ ದೀಪದ ಬೆಳಕಿಗೆ ಅದು ಕಡು ಕಂದು ಬಣ್ಣವೇನೋ ಅನ್ನಿಸಿತು. ಕಂದೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಬೆಳಿಗ್ಗೆ ಉಟ್ಟು ಪಡಸಾಲೆಗೆ ಬಂದಾಗ ಸಿದ್ದಲಿಂಗಮ್ಮನ ಕೈಯಲ್ಲಿದ್ದ ವಿಭೂತಿ ಗಟ್ಟಿ ಅಲ್ಲೇ ನಿಂತಿತು.

"ಸೋಮಾರ ದಿನ ಮುತ್ತೈದೇರು ಕರೀ ಸೀರೆ ಉಡ್ತಾರೇನೇ? ನಿನ್ನ ಗಂಡ ಅಲ್ಲಿ ಗಟ್ಟಿಮುಟ್ಟಾಗಿ ಕುಂತಾನೆ."

"ಕರೀದಲ್ಲ ಅತ್ತೆ."

"ನನಗೇನು ಕಣ್ಣು ಕಾಣಾಕಿಲ್ವಾ? ನೀಲೀ ಸೀರೆ ಐತಲ್ಲ, ಅದನ್ನ ಉಡು."

"ಅದು ನೈಲಾನು. ಕೈಮಗ್ಗದ್ದೇ ಆಗಬೇಕು. ಇದು ಕೆಂಪಗೇ ಬರ್ತಿತ್ತು, ನೀವು ಕಡಾಯಿಗೆ ಸುರಿದಿದ್ದಿಲ್ಲ ಅಂದ್ರೆ." ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

"ಅದರಾಗೆ ನಿನ್ನ ಸೀರೆ ಐತೆ ಅಂತ ನನಗೆ ಕನಸು ಬೀಳ್ತದೇನು? ಬಾಯಿಬಿಟ್ಟು ಹೇಳಿದ್ಯಾ?"

ಹೇಳಿರಲಿಲ್ಲ. ಮಗಳ ತಲೆ ಸವರಿ, ಬಸ್ಸಿನ ಸದ್ದು ಕೇಳಿ ಓಡಿದಳು.

ಬಸ್ಸಿನಲ್ಲಿ ಕಿಟಕಿಯ ಬಿಸಿಲು ತೊಡೆಯ ಮೇಲೆ ಬಿದ್ದಾಗ ಕಂದೆಂಬ ಆಸೆಯೂ ಕರಗಿತು. ಬಳ್ಳಿ, ಹೂವು, ನಡುವೆ ಜೇಡನ ಬಲೆಯಂಥ ಗೆರೆ, ಎಲ್ಲ ಬೆಳ್ಳಗೆ ಚೆಲುವಾಗಿ ಮೂಡಿದ್ದವು. ಮಿಕ್ಕದ್ದೆಲ್ಲ ಕಪ್ಪು. ಸೆರಗನ್ನು ಎಷ್ಟು ಹೊದ್ದುಕೊಂಡರೂ ಅದೂ ಅದೇ ಸೀರೆಯ ಸೆರಗು.

ಕಚೇರಿಯ ಮೆಟ್ಟಿಲ ಮೇಲೆ ಜವಾನ ಗಿಡ್ಡಪ್ಪ ಅವಳನ್ನು ಕಂಡವನೇ ಕೈಲಿದ್ದ ಹೂಮಾಲೆಯ ತಟ್ಟೆಯನ್ನು ಕೆಳಗಿಟ್ಟ. ಒಳಗೆ ಯಾರ ತೋಳಿನಲ್ಲೂ ಪಟ್ಟಿಯಿರಲಿಲ್ಲ. ಎಲ್ಲರ ಪಟ್ಟಿಯೂ ಜೇಬಿನಲ್ಲಿತ್ತು.

"ಅಯ್ಯೋ ಶಿವನೇ" ಎಂದ ಕೊಟ್ರಬಸಪ್ಪ. "ನಾವು ಬೆರಳಗಲದ ಪಟ್ಟಿ ಕಟ್ಟಾಕೆ ಹೆದರಿ ಕುಂತೀವಿ, ನೀನು ಆರು ಗಜ ಸುತ್ಕೊಂಡು ಬಂದೀಯಲ್ಲ ತಂಗೀ."

"ಅದು ಹಂಗಲ್ಲಣ್ಣ, ಬಣ್ಣ ಕೆಟ್ಟುಹೋತು."

ಪಂಚಾಕ್ಷರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ದನಿಯಲ್ಲಿ ಬೆಲ್ಲವಿತ್ತು. "ನೋಡ್ರಿ ನಿರ್ಮಲಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಮೈಗೆ ಹುಷಾರಿಲ್ಲ ಅಂತ ಒಂದು ರಜಾ ಅರ್ಜಿ ಬರೆದಿಟ್ಟು ಮನೀಗೆ ಹೋಗ್ರಿ. ಸಾಹೇಬ್ರಿಗೆ ನಾನು ಹೇಳ್ಕೊಂತೀನಿ."

ಅವರು ಏನು ಹೇಳಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ತಪಾಸಣೆಯ ದಿನವೇ ನಾಪತ್ತೆಯಾದ ಟೈಪಿಸ್ಟು. ಹೋದರೆ ಕೆಲಸ ಹೋಯಿತು, ನಿಂತರೂ ಹೋಗಬಹುದು. "ಇಲ್ರೀ ಸರ್, ಇಲ್ಲೇ ಇರ್ತೀನಿ" ಎಂದು ತನ್ನ ಕುರ್ಚಿಯಲ್ಲಿ ಕೂತು ಯಂತ್ರದ ಮುಸುಕು ತೆಗೆದಳು. ಹಾಳೆ ಏರಿಸಿ, ಇಳಿಸಿ, ಮತ್ತೆ ಏರಿಸಿದಳು.

ಜೀಪು ಬಂದಿತು. ಸಾಹೇಬರು ಕರಾವಳಿಯ ಕಡೆಯವರು, ಅಡಿಕೆಯನ್ನು ಬೇಯಿಸದೆ ಒಣಗಿಸುವ ಸೀಮೆಯವರು. ತೆಳ್ಳಗಿನ ದೇಹ, ಖಾದಿ ಜುಬ್ಬಾ. ಮಾಲೆಯನ್ನು ಕೈಯಲ್ಲೇ ಮುಟ್ಟಿ ಪಕ್ಕಕ್ಕೆ ಸರಿಸಿ ಒಳಗೆ ಬಂದವರು ಒಬ್ಬೊಬ್ಬರ ತೋಳನ್ನೂ ನೋಡುತ್ತ ನಡೆದರು. ಟೈಪ್ ಯಂತ್ರದ ಮುಂದೆ ಅವರ ಚಪ್ಪಲಿ ನಿಂತಿತು.

"ಇದೇನಮ್ಮ?"

ನಿರ್ಮಲಮ್ಮ ಎದ್ದು ನಿಂತಳು.

"ತಾತ್ಕಾಲಿಕದವರು ಸರ್" ಎಂದರು ಪಂಚಾಕ್ಷರಪ್ಪ, ಕೇಳದಿದ್ದರೂ. "ಬ್ಯಾಡ ಅಂತ ಹೇಳಿದೆ ಸರ್, ಕೇಳಲಿಲ್ಲ."

"ಪಟ್ಟಿ ಕಟ್ಟಬೇಡಿ ಎಂದರೆ ಕಪ್ಪು ಸೀರೆಯನ್ನೇ ಉಟ್ಟಿರಾ? ಬುದ್ಧಿವಂತಿಕೆ."

"ಇದು ಪ್ರತಿಭಟನೆ ಅಲ್ಲ ಸರ್. ಕೈಮಗ್ಗದ ಬಾಟಿಕ್ಕು. ಮನ್ಯಾಗೆ ನಾನೇ ಮಾಡಿದ್ದು. ಚೊಗರು ಹಾಕಿದ್ದೆ, ಕೆಂಪಗೆ ಆಗಬೇಕಿತ್ತು."

"ಚೊಗರು ಎಂದರೆ?"

"ಅಡಿಕೆ ಬೇಯಿಸಿದ ನೀರು ಸರ್. ಕಬ್ಬಿಣ ತಾಗಿ ಕಪ್ಪಾತು."

ಸಾಹೇಬರ ಹುಬ್ಬು ಏರಿತು. "ಕೆಂಪು ನೀರು ಕಬ್ಬಿಣ ತಾಗಿ ಕಪ್ಪಾಯಿತು. ಇವತ್ತೇ ಆಯಿತು. ಹೌದೇನ್ರೀ ಹೆಡ್ ಕ್ಲಾರ್ಕ್, ಹಾಗಾಗುತ್ತದೆಯೇ?"

ಪಂಚಾಕ್ಷರಪ್ಪ ಉಬ್ರಾಣಿಯ ಅಡಿಕೆ ತೋಟದವರು. ಅವರು ನೆಲ ನೋಡಿದರು. ಗೋಡೆ ಗಡಿಯಾರ ನೋಡಿದರು. ಕಚೇರಿಯೆಲ್ಲ ಅವರ ಬಾಯಿಯನ್ನೇ ನೋಡುತ್ತಿತ್ತು. ನಿರ್ಮಲಮ್ಮ ಮೇಜಿನ ಅಂಚು ಹಿಡಿದುಕೊಂಡಳು.

"ಬಟ್ಟೇದು ನನಗೆ ಗೊತ್ತಿಲ್ಲ ಸರ್" ಎಂದರು ಕೊನೆಗೆ.

ಅಷ್ಟರಲ್ಲಿ ಬಾಗಿಲಲ್ಲಿ ಗಿಡ್ಡಪ್ಪನ ದನಿ. "ಅಮ್ಮಾ, ಈಗ ಒಳಗೆ ಹೋಗಂಗಿಲ್ಲ, ಸಾಹೇಬ್ರು ಅದಾರೆ."

"ಇರ್ಲಿ ಬಿಡಪ್ಪ, ಅವರೂ ತಾಯಿ ಹೊಟ್ಟ್ಯಾಗೆ ಹುಟ್ಟಿದೋರೇ."

ಮುಂದಿನ ಬಸ್ಸಿಗೇ ಬಂದಿಳಿದು, ಬಾಗಿಲಾಚೆ ಮಾತೆಲ್ಲ ಕೇಳಿಸಿಕೊಂಡಿದ್ದ ಸಿದ್ದಲಿಂಗಮ್ಮ ಒಳಗೆ ಬಂದೇಬಿಟ್ಟರು. ಒಂದು ಕಂಕುಳಲ್ಲಿ ಮಂಗಳಾ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಕಚೇರಿಯ ಮೆಟ್ಟಿಲನ್ನು ಅವರು ಹತ್ತಿದ್ದು ಅದೇ ಮೊದಲು. ಸೊಸೆಯೊಬ್ಬಳನ್ನು ಬಿಟ್ಟು ಯಾರನ್ನೂ ನೋಡದೆ ನೇರ ಮೇಜಿನ ಬಳಿ ಬಂದು ಗಂಟು ಬಿಚ್ಚಿದರು. ನುಸಿಗುಳಿಗೆಯ ವಾಸನೆ ಎದ್ದಿತು. ಕೆಂಪು ಸೆರಗಿನ ಇಳಕಲ್ ಸೀರೆ.

"ಕೈಮಗ್ಗದ್ದು ಅಂದ್ಯಲ್ಲ. ಇದೂ ಕೈಮಗ್ಗದ್ದೇ. ಹೋಗಿ ಉಟ್ಕೊಂಡು ಬಾ."

ಆ ಸೀರೆಯನ್ನು ಅತ್ತೆ ತಮ್ಮ ಕೊನೆಯ ದಿನಕ್ಕೆಂದು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ತಮ್ಮ ಮಗಳ ಮದುವೆಗೂ ಅದನ್ನು ಹೊರಗೆ ತೆಗೆದವರಲ್ಲ.

"ಯಾರಮ್ಮ ನೀವು?" ಎಂದರು ಸಾಹೇಬರು.

"ಇವಳ ಅತ್ತೆ ಕಣಪ್ಪ. ಸೀರೆ ಕರೀದು ಮಾಡಿದೋಳು ನಾನೇ. ಹಂಡ್ಯಾಗಿದ್ದ ಚೊಗರನ್ನ ಹುರುಳಿ ಕಡಾಯಿಗೆ ಸುರಿದೆ. ಬೈಯಂಗಿದ್ರೆ ನನ್ನ ಬೈಯ್ರಿ." ಆಮೇಲೆ ತಿರುಗಿ, ತಮ್ಮ ತೌರೂರು ಉಬ್ರಾಣಿಯ ಹುಡುಗನ ಗುರುತು ಹಿಡಿದು, "ಪಂಚಾಕ್ಷರಿ, ನೀನು ಇಲ್ಲೇ ಅದೀಯೇನೋ. ಅಡಿಕೆ ಸುಲಿದೂ ಸುಲಿದೂ ನಿಮ್ಮವ್ವನ ಬೆರಳು ಈ ಸೀರೆಗಿಂತ ಕರ್ರಗೆ ಇದ್ವಲ್ಲಪ್ಪ. ಆ ಕೈಲೇ ನಿನಗೆ ತುತ್ತು ಹಾಕ್ತಿದ್ಲು. ಹೇಳಬಾರದಾ ಸಾಹೇಬ್ರಿಗೆ?"

ಯಾರೋ ಕೆಮ್ಮಿ ನಗು ನುಂಗಿದರು. ಪಂಚಾಕ್ಷರಪ್ಪನ ಕಿವಿ ಕೆಂಪಾಯಿತು. ಕನ್ನಡಕದ ಹಿಂದೆ ಕಣ್ಣು ಒಂದು ಕ್ಷಣ ಬೇರೆಲ್ಲೋ ಹೋಗಿ ಬಂದಂತಿತ್ತು.

"ಆಗ್ತದೆ ಸರ್" ಎಂದರು, ಮೆಲ್ಲಗೆ. "ಕತ್ತಿ ತಾಗಿದ್ರೆ ಕಪ್ಪಾಗ್ತದೆ. ಎಷ್ಟು ತೊಳೆದ್ರೂ ಹೋಗಾಕಿಲ್ಲ."

ಸಾಹೇಬರು ಬಗ್ಗಿ ಸೆರಗಿನ ತುದಿಯಲ್ಲಿದ್ದ ಬಿಳೀ ಹೂವನ್ನು ನೋಡಿದರು. "ಇಳಕಲ್ ಸೀರೆ ಮಡಿಸಿಡಿ ಅಮ್ಮ. ಇದೂ ಚೆನ್ನಾಗಿದೆ." ಆಮೇಲೆ ನಿರ್ಮಲಮ್ಮನತ್ತ ತಿರುಗಿ ದನಿ ಗಡುಸು ಮಾಡಿಕೊಂಡರು. "ಪ್ರತಿಭಟನೆಗೂ ನಿಮಗೂ ಸಂಬಂಧವಿಲ್ಲ ತಾನೇ?"

ಕೊಟ್ರಬಸಪ್ಪ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ಇಲ್ಲ ಅಂದುಬಿಟ್ಟರೆ ಎಲ್ಲ ಸಲೀಸು. ನಿರ್ಮಲಮ್ಮ ಅವನತ್ತ ಒಮ್ಮೆ ನೋಡಿದಳು.

"ಈ ಸೀರೆಗೂ ಅದಕ್ಕೂ ಸಂಬಂಧ ಇಲ್ಲ ಸರ್. ತುಟ್ಟಿಭತ್ಯೆ ಎಲ್ಲರಿಗೂ ಬೇಕು. ನನಗೂ ಬೇಕು."

ಸಾಹೇಬರು ಅವಳನ್ನೇ ನೋಡಿದರು.

"ನನಗೂ ಬೇಕು" ಎಂದರು. "ಇವರ ಖಾಯಂ ಕಾಗದ ಎಲ್ಲಿದೆ? ತನ್ನಿ."

ಪಂಚಾಕ್ಷರಪ್ಪ ತಾವೇ ಎದ್ದು ಹೋಗಿ ತಂದರು. ಸಾಹೇಬರು ನಿಂತಲ್ಲೇ ಸಹಿ ಹಾಕಿದರು.

ಜೀಪು ಮರೆಯಾದ ಮೇಲೆ ಕೊಟ್ರಬಸಪ್ಪ ಜೇಬಿನಿಂದ ಪಟ್ಟಿ ತೆಗೆದು ತೋಳಿಗೆ ಕಟ್ಟಿಕೊಂಡ. ಹೆಡ್ ಗುಮಾಸ್ತರು ದಿಟ್ಟಿಸಿದಾಗ, "ಇದೂ ಚೊಗರೇ ಸರ್, ಕತ್ತಿ ತಾಗಿಬಿಡ್ತು" ಎಂದ. ಅವರು ತಲೆ ತಗ್ಗಿಸಿ ಬರೆಯತೊಡಗಿದರು. ಒಂದೊಂದಾಗಿ ಉಳಿದ ಪಟ್ಟಿಗಳೂ ಹೊರಬಂದವು.

ವರಾಂಡದ ಬೆಂಚಿನ ಮೇಲೆ ಸಿದ್ದಲಿಂಗಮ್ಮ ಇಳಕಲ್ ಸೀರೆಯನ್ನು ಮೊದಲಿನ ಮಡಿಕೆಗೇ ತಂದು ಗಂಟು ಕಟ್ಟುತ್ತಿದ್ದರು. ನಿರ್ಮಲಮ್ಮ ಹೋಗಿ ಪಕ್ಕದಲ್ಲಿ ಕೂತಳು. ಮಂಗಳಾ ಅಮ್ಮನ ತೊಡೆಯೇರಿ ಬಿಳೀ ಬಳ್ಳಿಯ ಗುಂಟ ಬೆರಳಾಡಿಸಿದಳು.

"ಮುಂದಿನ ಸರ್ತಿ ಹೇಳಿ ಅದ್ದು" ಎಂದರು ಸಿದ್ದಲಿಂಗಮ್ಮ, ಗಂಟಿನ ಕಡೆಗೇ ನೋಡುತ್ತ. "ತಾಮ್ರದ ಹಂಡೆ ನಾನೇ ತಿಕ್ಕಿ ಕೊಡ್ತೀನಿ. ಮತ್ತೆ ಸೋಮಾರ ಒಂದು ಬಿಟ್ಟು ಉಡು."