ವೆಲ್ಡಾಳ ಅಪ್ಪನ ಪಿಕಪ್ಪು

ನನ್ನ ತಮ್ಮ ಲೈಲ್‌ಗೆ ದೇವರು ಧಾರಾಳವಾಗಿ ಕೊಟ್ಟಿದ್ದು ಗಂಟಲೊಂದನ್ನೇ. ನಮ್ಮ ಕೌಂಟಿಯ ರೇಡಿಯೋದಲ್ಲಿ ದನದ ಧಾರಣೆ, ಗೋಧಿ ಧಾರಣೆ, ಗಾಳಿಯ ದಿಕ್ಕು ಇಷ್ಟನ್ನು ಬೆಳಿಗ್ಗೆ ಬೆಳಿಗ್ಗೆ ಓದುವುದೇ ಅವನ ನೌಕರಿ. ಹೋರಿಗರುವಿನ ಬೆಲೆಯನ್ನು ಅವನು ಓದಿದರೆ ಪಾದ್ರಿ ಬೈಬಲ್ ಓದಿದ ಹಾಗಿರುತ್ತಿತ್ತು. ಹೋರಿಗರುವನ್ನು ಹಿಡಿದು ನಿಲ್ಲಿಸು ಅಂದರೆ ಮಾತ್ರ ಬೇಲಿಯ ಆಚೆ ಹೋಗಿ ನಿಲ್ಲುತ್ತಿದ್ದ.

ಅವನ ಹೆಂಡತಿ ವೆಲ್ಡಾ ನನ್ನ ಜೊತೆ ಓದಿದವಳು. ಇವನನ್ನು ಯಾಕೆ ಕಟ್ಟಿಕೊಂಡೆಯೇ ಅಂತ ಒಮ್ಮೆ ಕೇಳಿದ್ದೆ. "ರೇಡಿಯೋ ಕೇಳಿ ಮೋಸಹೋದೆ" ಅಂದಳು. ಅವಳ ಅಪ್ಪ ಗಸ್ ದನ ಸಾಕಿ ಬದುಕಿದವನು. ಅವನದೊಂದು ಪಿಕಪ್ಪು ಇತ್ತು. ಐವತ್ತೆರಡನೇ ಇಸವಿಯದು, ಕೊಳದ ಪಾಚಿಯಂಥ ಹಸಿರು. ವೆಲ್ಡಾ ಡ್ರೈವಿಂಗ್ ಕಲಿತದ್ದು ಅದರಲ್ಲಿ. ಕಾಲು ಎಟುಕದಿದ್ದಾಗ ಸೀಟಿನ ತುದಿಗೆ ಜಾರಿ ಕ್ಲಚ್ ಒತ್ತುತ್ತಿದ್ದಳಂತೆ. ಹುಲ್ಲು, ಉಪ್ಪು, ಬೇಲಿಕಂಬ, ಕಾಲು ಮುರಿದ ಕರು, ಕುಡಿದು ಬಿದ್ದ ಚಿಕ್ಕಪ್ಪ, ಎಲ್ಲವೂ ಅದರ ಬೆನ್ನೇರಿ ಮನೆ ಸೇರಿದ್ದವು. ಗಸ್ ಸತ್ತ ಮೇಲೆ ಅದು ವೆಲ್ಡಾಳ ಹೆಸರಿಗೆ ಬಂದು, ಬೇಲಿಮರಗಳ ನಡುವೆ ತುಕ್ಕು ಹಿಡಿದು ಕೂತಿತ್ತು. ಸೀಟಿನೊಳಗೆ ಇಲಿಗಳ ಸಂಸಾರ.

ರೇಡಿಯೋದವರು ಲೈಲ್‌ಗೆ ನಿವೃತ್ತಿಯ ಗಡಿಯಾರ ಕೊಟ್ಟು ಮನೆಗೆ ಕಳಿಸಿದ ವರ್ಷ ಅವನ ಕಣ್ಣು ಇದರ ಮೇಲೆ ಬಿತ್ತು.

"ಅಕ್ಕಾ, ಇದನ್ನ ನಾನು ನನ್ನ ಕೈಯಾರೆ ಹೊಸದು ಮಾಡ್ತೀನಿ. ಒಂದೊಂದು ಬೋಲ್ಟೂ ನಾನೇ" ಅಂದ.

"ನೀನು ಮೊದ್ಲು ನಿಮ್ಮನೆ ಅಡುಗೆಮನೆ ನಲ್ಲಿ ಸರಿ ಮಾಡಪ್ಪ. ಹೋದ ವರ್ಷದಿಂದ ತೊಟ್ಟಿಕ್ತಾ ಇದೆ."

ಅವನಿಗೆ ಅದು ಕೇಳಿಸಲೇ ಇಲ್ಲ. ಮಾತಾಡುವವರ ಕಿವಿ ಹಾಗೇ.

ಪಿಕಪ್ಪು ಗ್ಯಾರೇಜಿನೊಳಗೆ ಬಂತು. ದಿನಾ ಓಡಿಸುವ ಗಾಡಿ ಮಂಜಿಗೂ ಆಲಿಕಲ್ಲಿಗೂ ಹೊರಗೆ ಬಿತ್ತು. ಲೈಲ್ ತಂತಿಬ್ರಷ್ ಹಿಡಿದು ತುಕ್ಕು ಉಜ್ಜಿದ. ಉಜ್ಜಿದ್ದು ಒಂದು ಬಾಗಿಲು, ಅದರ ಬಗ್ಗೆ ಮಾತಾಡಿದ್ದು ಇಡೀ ಚಳಿಗಾಲ. ಕಾಫಿ ಅಂಗಡಿಯಲ್ಲಿ ಅವನು ಒಳಗೆ ಬಂದರೆ ಗಂಡಸರು ಪೇಪರ್ ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು. ವೆಲ್ಡಿಂಗ್ ಮಾಡಲು ಹೋಗಿ ತೋಳಿನ ಅಂಗಿ ಸುಟ್ಟುಕೊಂಡ ಮೇಲೆ ತೂತುಗಳಿಗೆಲ್ಲ ಪುಟ್ಟಿ ಮೆತ್ತಿದ. ಎಂಜಿನ್ನನ್ನು ವಿಚಿಟಾದ ಒಬ್ಬ ಮೆಕ್ಯಾನಿಕ್ ಬಿಚ್ಚಿ ಕಟ್ಟಿಕೊಟ್ಟ. ಸೀಟು ಹೊಲಿದವಳು ಇನ್ನೊಬ್ಬಳು. "ನನ್ನ ಕೈಯಾರೆ" ಅನ್ನುವ ಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ, ಗ್ಯಾರೇಜಿನಲ್ಲೇ ಉಳಿಯಿತು.

ಗ್ಯಾರೇಜು ಸಾಲದಾಗಿ ಅಡುಗೆಮನೆಗೂ ನುಗ್ಗಿದ. ಚಕ್ರದ ಮುಚ್ಚಳಗಳು ಪಾತ್ರೆ ತೊಳೆಯುವ ಮೆಷಿನ್ನಿಗೆ. ಬಣ್ಣ ಬಳಿದ ಬಿಡಿಭಾಗಗಳು ಓವನ್ನಿಗೆ, ಬೇಯಿಸಿದರೆ ಬಣ್ಣ ಗಟ್ಟಿಯಾಗುತ್ತದಂತೆ. ಆ ಸಲದ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಟರ್ಕಿ ಕೋಳಿ ಬಾಯಿಗಿಟ್ಟರೆ ಪೇಂಟ್ ಡಬ್ಬಿ ನೆಕ್ಕಿದ ಹಾಗಾಯಿತು.

"ಹೇಗಿದೆ?" ಅಂತ ವೆಲ್ಡಾ ಎಲ್ಲರನ್ನೂ ಕೇಳಿದಳು.

"ಎರಡನೇ ಕೋಟ್ ಬೇಕಿತ್ತು" ಅಂದೆ.

ಲೈಲ್ ನಗಲಿಲ್ಲ. ಹಾಸ್ಯವೂ ಅವನ ಕೈಯಾರೆಯೇ ಆಗಬೇಕು.

ಬಣ್ಣದ ವಿಷಯಕ್ಕೆ ಗಂಡಹೆಂಡಿರಿಗೆ ಜಗಳವಾಯಿತು. ಅವನು ತಂದದ್ದು ಚೆರ್ರಿಹಣ್ಣಿನ ಕೆಂಪು.

"ಅಪ್ಪನ ಗಾಡಿ ಹಸಿರು, ಲೈಲ್."

"ಹಸಿರು ಯಾರೂ ನೋಡಲ್ಲ ಕಣೇ. ಹಳೇ ಗಾಡಿಗಳ ಪ್ರದರ್ಶನದಲ್ಲಿ ಜಡ್ಜುಗಳು ಕೆಂಪು ಕಂಡ್ರೆ ನಿಲ್ತಾರೆ."

"ನಮ್ಮಪ್ಪ ಜಡ್ಜುಗಳಿಗೆ ಹುಲ್ಲು ಹಾಕ್ತಿರ್ಲಿಲ್ಲ."

ಆದರೂ ಕೆಂಪೇ ಆಯಿತು. ಹಿಂದೆ ಸಾಮಾನು ಹೇರುವ ಕಡೆ ಓಕ್ ಮರದ ಹಲಗೆ, ಅದಕ್ಕೆ ಕನ್ನಡಿಯಂಥ ವಾರ್ನಿಷ್. ಬಿಳಿ ಸೀಟು. ಸಾಮಾನು ಹೊರುವ ಗಾಡಿಯ ಮೇಲೆ ಬೆಕ್ಕು ಕೂತರೂ ಅವನ ಉಸಿರು ನಿಲ್ಲುತ್ತಿತ್ತು. ಹಬ್ಬದ ಮೆರವಣಿಗೆಗೆ ಹೋಗುವಾಗಲೂ ಟ್ರೇಲರ್ ಮೇಲೆ ಹತ್ತಿಸಿ, ಕಂಬಳಿ ಹೊದಿಸಿ ಒಯ್ಯುತ್ತಿದ್ದ. ಪ್ರದರ್ಶನದಲ್ಲಿ ಸುತ್ತ ಹಗ್ಗ ಕಟ್ಟಿ, "ಮುಟ್ಟಬೇಡಿ" ಅಂತ ಬೋರ್ಡು ನೇತುಹಾಕಿ, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಗಸ್ ನೋಡಿದ್ದರೆ ಅದೇ ಹಗ್ಗದಲ್ಲಿ ಅಳಿಯನನ್ನು ಕಟ್ಟಿಹಾಕುತ್ತಿದ್ದ.

ಇನ್ನು ಬೆಂಕಿಯ ವಿಷಯಕ್ಕೆ ಬರುತ್ತೇನೆ.

ಮಾರ್ಚ್ ತಿಂಗಳಲ್ಲಿ ನಮ್ಮ ಗುಡ್ಡಗಳಲ್ಲಿ ಎಲ್ಲರೂ ಹಳೇ ಹುಲ್ಲು ಸುಡುತ್ತೇವೆ. ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ. ಆ ತಿಂಗಳು ಪ್ರತಿ ಮನೆಯ ಪಿಕಪ್ಪಿನ ಮೇಲೂ ನೀರಿನ ಟ್ಯಾಂಕು, ಒಂದು ಪುಟ್ಟ ಪಂಪು, ಉದ್ದ ಪೈಪು ಇರಲೇಬೇಕು. ನನ್ನ ಟ್ಯಾಂಕನ್ನು ಅವತ್ತು ಪಕ್ಕದ ಜಮೀನಿನ ಓರಿನ್‌ಗೆ ಕೊಟ್ಟಿದ್ದೆ. ಅವನು ತನ್ನ ಹುಲ್ಲು ಸುಡುತ್ತಿದ್ದ. ಊಟ ಮುಗಿಸಿ ನಾನು ಹೊರಗೆ ಬಂದರೆ ಗಾಳಿ ತಿರುಗಿತ್ತು. ಹೊಗೆ ನನ್ನ ಕಡೆ ಮಲಗಿ ಬರುತ್ತಿತ್ತು. ಓರಿನ್‌ನ ಬೆಂಕಿ ಬೇಲಿ ದಾಟಿ, ನನ್ನ ಈದ ಹಸುಗಳಿದ್ದ ಹುಲ್ಲುಗಾವಲಿನತ್ತ ಹೊರಟಿತ್ತು. ಓರಿನ್ ಎರಡೂ ಟ್ಯಾಂಕು ಇಟ್ಟುಕೊಂಡು ಬೆಂಕಿಯ ಆ ಬದಿಯಲ್ಲಿ ಸಿಕ್ಕಿಬಿದ್ದಿದ್ದ. ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದೆ. ಗಾಡಿಗಳು ಕೌಂಟಿಯ ಇನ್ನೊಂದು ತುದಿಯಲ್ಲಿ ಬೇರೆ ಬೆಂಕಿಗೆ ಹೋಗಿವೆ, ಬರ್ತಾರೆ ಅಂದರು. ಆಮೇಲೆ ತಮ್ಮನ ಮನೆಗೆ ಮಾಡಿದೆ. ವೆಲ್ಡಾ ಎತ್ತಿದಳು.

"ಟ್ಯಾಂಕು ತಗೊಂಡು ಬಾರೇ. ನನ್ನ ಹಸುಗಳು."

"ಬಂದೆ" ಅಂದು ಇಟ್ಟಳು.

ಗೋಣಿಚೀಲ ನೆನೆಸಿಕೊಂಡು ನಾನು ಓಡಿದೆ. ಆ ಮನೆಯಲ್ಲಿ ನಡೆದದ್ದನ್ನು ವೆಲ್ಡಾ ಆಮೇಲೆ ಹೇಳಿದಳು. ದಿನದ ಗಾಡಿ ಹತ್ತಿ ಕೀಲಿ ತಿರುಗಿಸಿದರೆ ಸದ್ದೇ ಇಲ್ಲವಂತೆ. ಬಾನೆಟ್ ಎತ್ತಿದರೆ ಬ್ಯಾಟರಿಯ ಜಾಗ ಖಾಲಿ. ಹೊಸದಾಗಿ ಹಾಕಿಸಿದ ಲೈಟು ಉರಿಯುತ್ತದೋ ಇಲ್ಲವೋ ನೋಡಲು ಲೈಲ್ ಅದನ್ನು ಬಿಚ್ಚಿ ಕೆಂಪುಗಾಡಿಗೆ ಹಾಕಿದ್ದ. ಅವಳು ಸೀದಾ ಹೋಗಿ ಕೆಂಪುಗಾಡಿಯ ಕೀಲಿ ತಗೊಂಡಳು.

"ಏಯ್, ಏನು ಮಾಡ್ತಿದೀಯ? ಬೇಡ, ವಾರ್ನಿಷ್! ಫೈರ್‌ನೋರು ಬರ್ತಾರೆ ತಾಳು" ಅಂತ ಲೈಲ್.

"ಅವ್ರು ಬರೋ ಹೊತ್ಗೆ ನಿಮ್ಮಕ್ಕ ಬೂದಿ ಗುಡಿಸ್ತಿರ್ತಾಳೆ. ಟ್ಯಾಂಕ್ ತಳ್ಳು ಬಾ."

ಅವರ ಟ್ಯಾಂಕು ಮಾತ್ರ ಇನ್ನೂ ಗಾಡಿ ಹತ್ತದೆ ಬಾವಿಯ ಪಕ್ಕ ಕಟ್ಟೆಯ ಮೇಲೇ ಇತ್ತು. ಗಾಡಿಯನ್ನು ಹಿಂದಕ್ಕೆ ತಂದರೆ ಸೀದಾ ಜಾರಿಸಿಕೊಳ್ಳಬಹುದು. ಅವಳು ತಂದು ನಿಲ್ಲಿಸಿದಳು. ಗಂಡ ಎಲ್ಲಿ ಅಂತ ನೋಡಿದರೆ ಮನೆಯೊಳಗೆ ಓಡಿದ್ದಾನೆ. ಪೈಪು ತರಲು ಹೋದನೇನೋ ಅಂದುಕೊಂಡಳು ಪಾಪ. ಅವನು ಹೊರಗೆ ಬಂದದ್ದು ಒಂದು ಕೌದಿ ಹಿಡಿದುಕೊಂಡು. ಟ್ಯಾಂಕಿನ ಅಡಿ ಹಾಸಲು! ಹಲಗೆಗೆ ಗೀರು ಬೀಳಬಾರದಲ್ಲ. ಹಾಸಿದ, ನಾಲ್ಕೂ ಮೂಲೆ ಎಳೆದು ಸರಿಮಾಡಿದ, ಆಮೇಲೆ ತಳ್ಳಿದ. ನೀರು ತುಂಬಿದ ಮೇಲೆ, "ನಾನು ಅಕ್ಕನ ಗೇಟಿನ ಹತ್ರ ನಿಂತಿರ್ತೀನಿ. ಫೈರ್ ಗಾಡಿಗೆ ದಾರಿ ತೋರಿಸೋಕೆ ಯಾರಾದ್ರೂ ಬೇಕಲ್ಲ" ಅಂದ.

ನಮ್ಮೂರಿಗೆ ಇರುವುದು ಒಂದೇ ದಾರಿ. ಬೆಂಕಿಯ ಹೊಗೆ ಪಕ್ಕದ ಕೌಂಟಿಗೂ ಕಾಣುತ್ತಿತ್ತು.

ನಾನು ಗೋಣಿಚೀಲದಲ್ಲಿ ಬಡಿಯುತ್ತ ಬಡಿಯುತ್ತ ಉಸಿರು ಕಳೆದುಕೊಂಡಿದ್ದೆ. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಹತ್ತಿಕೊಳ್ಳುತ್ತಿತ್ತು. ಹಸುಗಳು ಮೂಲೆಯ ಬೇಲಿಗೆ ಒತ್ತಿಕೊಂಡು ಅರಚುತ್ತಿದ್ದವು. ಆಗ ಹೊಗೆಯೊಳಗಿಂದ ಆ ಕೆಂಪುಗಾಡಿ ಕುಣಿಯುತ್ತ ಕುಣಿಯುತ್ತ ಬಂತು. ವೆಲ್ಡಾ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹತ್ತೇ ಹಿಂದೆ! ಪೈಪ್ ಹಿಡಿ!" ಅಂದಳು.

ಹತ್ತಿದೆ. ಸುಟ್ಟು ಕಪ್ಪಾದ ನೆಲದ ಮೇಲೆ ಗಾಡಿ ಬಿಟ್ಟು, ಉರಿಯ ಅಂಚಿಗೆ ಒತ್ತಿಕೊಂಡೇ ಅವಳು ಓಡಿಸಿದಳು. ನಾನು ನೀರು ಬಿಡುತ್ತ ಬಂದೆ. ನನ್ನ ಕಾಲಡಿ ಕೌದಿ ಜಾರುತ್ತಿತ್ತು. ನನ್ನ ತಮ್ಮನಿಗೆ ಆಗ ಇಟ್ಟ ಶಾಪ ಇಲ್ಲಿ ಬರೆಯಲಾಗದು. ಗಾಳಿ ಒಮ್ಮೆ ಉರಿಯನ್ನು ನಮ್ಮ ಮೇಲೇ ಎತ್ತಿ ಹಾಕಿತು. ಬಾಗಿಲಿನ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ವೆಲ್ಡಾ ಗೇರ್ ಬದಲಿಸಿದಳೇ ಹೊರತು ಬ್ರೇಕ್ ಮುಟ್ಟಲಿಲ್ಲ. ಮೂಲೆಗೆ ಹೋದವಳೇ ಗಾಡಿಯ ಮೂತಿಯಿಂದ ಬೇಲಿಯನ್ನು ಕಂಬ ಸಮೇತ ಕೆಡವಿದಳು. ಹಸುಗಳು ಅದರ ಮೇಲಿಂದಲೇ ಹಾರಿ ಹಳ್ಳದ ಕಡೆ ಓಡಿದವು. ಅಂದೇ ಹುಟ್ಟಿದ ಕರುವೊಂದು ಏಳಲಾರದೆ ಬಿದ್ದಿತ್ತು. ಅವಳು ಇಳಿದು ಅದನ್ನು ಎತ್ತಿ ಬಿಳಿ ಸೀಟಿನ ಮೇಲೆ ಹಾಕಿದಳು. ಕರು ಹುಟ್ಟಿದ ದಿನ ಏನೇನು ಮಾಡುತ್ತದೋ ಅದನ್ನೆಲ್ಲ ಅಲ್ಲೇ ಮಾಡಿತು.

ನಮ್ಮ ನೀರು ಮುಗಿಯುವ ಹೊತ್ತಿಗೆ ಫೈರ್ ಗಾಡಿಗಳು ಬಂದವು. ಹಳ್ಳದ ಹತ್ತಿರ ಬೆಂಕಿ ನಿಂತಿತು. ಒಂದು ಮುದಿ ಹಸು ಹೊಗೆ ಕುಡಿದು ಸತ್ತಿತು. ಉಳಿದವೆಲ್ಲ ಬದುಕಿದವು. ನಾನು ಬೂದಿಯಲ್ಲೇ ಕೂತು ಅತ್ತೆ. ವೆಲ್ಡಾ ಪಕ್ಕ ಕೂತು, "ಅಳು, ಹಾಗಾದ್ರೂ ನಿನ್ನ ಮುಖ ತೊಳೆದ ಹಾಗಾಗ್ಲಿ" ಅಂದಳು. ಅವಳ ಹುಬ್ಬು ಸುಟ್ಟುಹೋಗಿತ್ತು. ಎಡಗೈ ಕೆಂಪಗೆ ಊದಿತ್ತು.

ಲೈಲ್ ಗೇಟಿನಿಂದ ನಡೆದು ಬಂದ. ಸೀದಾ ಗಾಡಿಯ ಹತ್ತಿರ ಹೋದ. ಬಾಗಿಲಿನ ಗುಳ್ಳೆಗಳನ್ನು ಬೆರಳಿನಿಂದ ಸವರಿದ. ಸೀಟು ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡ. ಹೆಂಡತಿಯ ಕೈ ನೋಡಿದವನು ಫೈರ್ ಗಾಡಿಯ ಹುಡುಗ. ಮುಲಾಮು ಹಚ್ಚಿ ಬಟ್ಟೆ ಕಟ್ಟಿದವನೂ ಅವನೇ.

ಅದಾದ ಮೇಲೆ ಲೈಲ್ ಮುಖ ಊದಿಸಿಕೊಂಡು ತಿರುಗಿದ, ವೆಲ್ಡಾಳ ಹತ್ತಿರ ಮಾತಿಲ್ಲ. ಅವಳಿಗೆ ಅದೇ ಒಂದು ರಜೆಯಾಯಿತು. ಅಷ್ಟರಲ್ಲಿ ಪೇಟೆಯ ಪತ್ರಿಕೆಯವಳು ಬಂದು ಸುಟ್ಟ ಗಾಡಿಯ ಫೋಟೋ ತೆಗೆದು ಮೊದಲ ಪುಟಕ್ಕೆ ಹಾಕಿದಳು. ಕಾಫಿ ಅಂಗಡಿಯಲ್ಲಿ ಗಂಡಸರು ಪೇಪರ್ ಕೆಳಗಿಳಿಸಿ, ಮೊದಲ ಸಲ ಅವರಾಗೇ, "ಬಾರಯ್ಯ ಲೈಲ್, ಕೂತ್ಕೋ, ಏನಾಯ್ತು ಹೇಳು" ಅಂದರು.

ಅಲ್ಲಿಂದ ಅವನು ಬೇರೆಯೇ ಮನುಷ್ಯನಾದ. ಬಾಗಿಲಿಗೆ ಹೊಸ ಬಣ್ಣ ಬೇಡವೆಂದ. ಗುಳ್ಳೆಗಳ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದು ಗುಳ್ಳೆಗಳನ್ನೇ ಕಾಪಾಡಿದ. ಕಪ್ಪಾದ ಹಲಗೆಗೆ ಎಣ್ಣೆ ಹಚ್ಚಿದ. ಸೀಟೊಂದನ್ನು ಮಾತ್ರ ಬದಲಾಯಿಸಿದ. ವೀರಗಾಥೆಗೆ ವಾಸನೆ ಇರಬಾರದು ನೋಡಿ. ಏಪ್ರಿಲ್‌ನಲ್ಲಿ ಅವನ ಕಥೆ "ವೆಲ್ಡಾ ಹೋದ್ಲು" ಅಂತ ಇತ್ತು. ಮೇ ತಿಂಗಳಲ್ಲಿ "ನಾವು ಹೋದ್ವಿ" ಆಯಿತು. ಜುಲೈನ ಪ್ರದರ್ಶನದ ಹೊತ್ತಿಗೆ ಕಥೆಯಲ್ಲಿ ವೆಲ್ಡಾಳೂ ಇಲ್ಲ, ನಾನೂ ಇಲ್ಲ.

ಆ ಪ್ರದರ್ಶನಕ್ಕೆ ನಾವಿಬ್ಬರೂ ತಡವಾಗಿ ಹೋದೆವು, ಕೈಯಲ್ಲಿ ನಿಂಬೆ ಶರಬತ್ತು. ಹಗ್ಗದ ಸುತ್ತ ಜನ. ನಡುವೆ ಲೈಲ್, ಹಳೇ ರೇಡಿಯೋ ಗಂಟಲಲ್ಲಿ: "ಹೊಗೆ! ಕೈ ಚಾಚಿದರೆ ಕೈ ಕಾಣದು. ನಾನು ಸ್ಟಿಯರಿಂಗ್ ಬಿಗಿ ಹಿಡಿದೆ. ಮನಸ್ಸಿನಲ್ಲಿ ಒಂದೇ, ನನ್ನ ಅಕ್ಕನ ಹಸುಗಳು..."

ನಾನು ಬಾಯಿ ತೆರೆಯುವವಳಿದ್ದೆ. ವೆಲ್ಡಾ ನನ್ನ ಕೈ ಅದುಮಿ, ಜನರ ನಡುವಿನಿಂದ, ಯಾರೋ ಹೊರಗಿನವಳ ಹಾಗೆ ಕೇಳಿದಳು: "ಕರು ಇತ್ತಂತಲ್ಲ ಸಾರ್, ಅದನ್ನ ಎಲ್ಲಿ ಹಾಕ್ಕೊಂಡ್ರಿ?"

ಲೈಲ್ ಅವಳನ್ನು ನೋಡಿದ.  ಅಷ್ಟು ಜನರ ಮುಂದೆ ಕಥೆ ನಿಲ್ಲಿಸುವುದು ಅವನಿಂದಾಗಲಿಲ್ಲ. "ಅದು... ಹಿಂದೆ."

"ಹಿಂದೆ ನೀರಿನ ಟ್ಯಾಂಕ್ ಇತ್ತಲ್ವಾ?"

"ಪಕ್ಕದಲ್ಲಿ. ಟ್ಯಾಂಕಿನ ಪಕ್ಕದಲ್ಲಿ."

"ಓ. ಕೌದಿ ಹೊದಿಸಿದ್ರೇನೋ?"

ಜನರಲ್ಲಿ ಓರಿನ್ ಇದ್ದ. ಅವನು ಮೊದಲು ನಕ್ಕ. "ಲೈಲ್, ನೀನು ಗೇಟಿನ ಹತ್ರ ಟೋಪಿ ಬೀಸ್ತಾ ನಿಂತಿದ್ದೆಯಲ್ಲೋ ಮಾರಾಯ! ಫೈರ್ ಗಾಡಿ ಹಿಂದೆ ನಾನೇ ಬಂದೆ, ನಂಗೂ ಬೀಸ್ದೆ!" ಅಂದ. ನಗು ಹಗ್ಗದ ಸುತ್ತ ಹಬ್ಬಿತು. ಬಾಗಿಲ ಗುಳ್ಳೆಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ ಜಡ್ಜೊಬ್ಬ ನೆಟ್ಟಗೆ ನಿಂತು ತನ್ನ ಟೈ ಸರಿಮಾಡಿಕೊಂಡ.

ವೆಲ್ಡಾ ಮಾತ್ರ ನಗಲಿಲ್ಲ. ಅವಳ ಮುಖ ನೋಡಿ ನನ್ನ ನಗುವೂ ನಿಂತಿತು. ಶರಬತ್ತಿನ ಲೋಟ ನನ್ನ ಕೈಗೆ ಕೊಟ್ಟು, ಹಗ್ಗ ಬಿಚ್ಚಿ ಕೆಳಗೆ ಹಾಕಿ, ಬಾಗಿಲು ತೆಗೆದು ಕೂತಳು.

"ವೆಲ್ಡಾ, ಸ್ಪರ್ಧೆ ಮುಗಿದಿಲ್ಲ ಕಣೇ" ಅಂದ ಲೈಲ್, ಪಿಸುದನಿಯಲ್ಲಿ. ಅವನ ಪಿಸುದನಿ ನಾನು ಕೇಳಿದ್ದು ಅದೊಂದೇ ಸಲ.

"ನನ್ನ ಗಾಡಿ, ಲೈಲ್. ನಮ್ಮಪ್ಪಂದು. ಹತ್ತೇ ಆರ್ಡಿತ್."

ಹತ್ತಿದೆ. ಜನ ದಾರಿ ಬಿಟ್ಟರು.  ಗುಡ್ಡದ ರಸ್ತೆಯಲ್ಲಿ ಅವಳು ಮೂಗು ಒರೆಸಿಕೊಂಡು, "ಕೈ ಹೇಗಿದೆ ಅಂತ ಇವತ್ತಿನವರೆಗೂ ಕೇಳಿಲ್ಲ ಕಣೇ" ಅಂದಳು. ಎಷ್ಟೆಂದರೂ ಅವನು ನನ್ನ ಅಮ್ಮನ ಹೊಟ್ಟೆಯಲ್ಲೇ ಹುಟ್ಟಿದವನು.

ಅವಳೇನು ಅವನನ್ನು ಬಿಡಲಿಲ್ಲ. ನಮ್ಮಲ್ಲಿ ಆ ವಯಸ್ಸಿನವರು ಬಿಡುವುದಿಲ್ಲ, ಸುಮ್ಮನೆ ಬೇರೆ ಕೋಣೆಯಲ್ಲಿ ಟೀವಿ ನೋಡುತ್ತಾರೆ. ಆದರೆ ಪಿಕಪ್ಪನ್ನು ಕೆಲಸಕ್ಕೆ ಹಚ್ಚಿದಳು. ಈಗ ಅದರ ಹಲಗೆಯ ಮೇಲೆ ಗೊಬ್ಬರ, ದನ ನೆಕ್ಕುವ ಉಪ್ಪಿನ ಗಟ್ಟಿ, ಬೇಲಿತಂತಿ. ಎಂಜಿನ್ ಚೆನ್ನಾಗಿದೆ, ವಿಚಿಟಾದವನ ಕೈ ಒಳ್ಳೆಯದು. ಪುಟ್ಟಿ ಮೆತ್ತಿದ ಕಡೆಯೆಲ್ಲ ಉದುರುತ್ತಿದೆ.

ಹೋದ ತಿಂಗಳು ನಾವಿಬ್ಬರೂ ದನದ ಮೇವು ತರುತ್ತಿದ್ದಾಗ ದಾರಿಬದಿಯಲ್ಲಿ ಲೈಲ್ ನಿಂತಿದ್ದ, ಅವನ ಗಾಡಿಯ ಟೈರು ಪಂಕ್ಚರ್. ಚರ್ಚಿನ ಸಭೆಯಲ್ಲಿ ಭಾಷಣ ಮಾಡಲು ಹೊರಟವನು, ತಿಳಿಬಣ್ಣದ ಪ್ಯಾಂಟು ಹಾಕಿದ್ದ. ಟೈರು ಬದಲಿಸುವುದು ಹೇಗೆ ಅಂತ ಪುಸ್ತಕ ತೆಗೆದು ಓದುತ್ತಿದ್ದ. ವೆಲ್ಡಾ ಗಾಡಿ ನಿಲ್ಲಿಸಿದಳು.

"ಸ್ವಲ್ಪ ಜರುಗೇ ಅಕ್ಕಾ" ಅಂತ ಲೈಲ್ ನನ್ನ ಕಡೆಯ ಬಾಗಿಲಿಗೆ ಕೈ ಹಾಕಿದ.

"ಮುಂದೆ ಜಾಗ ಇಲ್ಲ" ಅಂದಳು ವೆಲ್ಡಾ. "ಹಿಂದೆ ಹತ್ತು."

ಹತ್ತಿದ. ಮೇವಿನ ಮೂಟೆಗಳ ಮೇಲೆ, ಪ್ಯಾಂಟಿನ ಅಡಿಗೆ ಕರವಸ್ತ್ರ ಹಾಸಿಕೊಂಡು ಕೂತ. ಗಾಳಿ ಜೋರಾಗಿತ್ತು. ಊರು ಬರುವವರೆಗೂ ಅವನು ಏನೋ ಹೇಳುತ್ತಲೇ ಇದ್ದ, ಕನ್ನಡಿಯಲ್ಲಿ ಬಾಯಿ ಆಡುವುದು ಕಾಣುತ್ತಿತ್ತು. ವೆಲ್ಡಾ ಕಿಟಕಿಯ ಗಾಜು ಏರಿಸಿಕೊಂಡಳು.