ಶಿವಯ್ಯ ಮಾರಿದ ಮನೆ

ಭಾನುವಾರ ಬೆಳಿಗ್ಗೆ ವರ್ಷಾ ಅಜ್ಜಿ ಕೃಷ್ಣಮ್ಮನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಪ್ರಸನ್ನಕುಮಾರ್ ಟ್ರಂಕಿನಿಂದ ಹಳೆಯ ಫೈಲೊಂದನ್ನು ತೆಗೆದು ತಂದು ಅವಳ ಮುಂದಿಟ್ಟ.

"ಮನೆಗೆ ಇ-ಖಾತೆ ಮಾಡಿಸ್ಬೇಕು ಕಣವ್ವ. ಪತ್ರದ ಕೆಲ್ಸ ನಿಂಗೇ ತಾನೇ ಗೊತ್ತಿರಾದು? ನೀನೇ ನೋಡು."

ಗೊತ್ತಿತ್ತು. ನಾಲ್ಕು ವರ್ಷದಿಂದ ವರ್ಷಾ ಚನ್ನರಾಯಪಟ್ಟಣದ ಪತ್ರ ಬರಹಗಾರರೊಬ್ಬರ ಕಚೇರಿಯಲ್ಲಿ ಕ್ರಯಪತ್ರ, ವಿಭಾಗಪತ್ರಗಳನ್ನು ಟೈಪ್ ಮಾಡುತ್ತಿದ್ದಳು. ಊರವರ ಮನೆಯ ಚರಿತ್ರೆಯೆಲ್ಲ ಅವಳ ಬೆರಳ ತುದಿಯಲ್ಲಿತ್ತು. ತಮ್ಮ ಮನೆಯ ಪತ್ರವನ್ನು ಮಾತ್ರ ಅವಳು ಒಮ್ಮೆಯೂ ಓದಿರಲಿಲ್ಲ.

ನುಗ್ಗೇಹಳ್ಳಿಯ ಆಚೆಗಿನ ಕರಿಗುಡ್ಡದಲ್ಲಿ ಕ್ರೋಮೈಟ್ ಗಣಿ ಜೋರಾಗಿ ನಡೆಯುತ್ತಿದ್ದ ಕಾಲದ ಕಲ್ಲುಮನೆ ಅದು. ಗಣಿಯ ಕೆಲಸ ಇಳಿಮುಖವಾದಾಗ ಕಂಪನಿ ತನ್ನ ಹಳೆಯ ಮನೆಗಳನ್ನು ಹೆಚ್ಚು ವರ್ಷ ದುಡಿದ ಕಾರ್ಮಿಕರಿಗೆ ಬರೆದುಕೊಟ್ಟಿತ್ತು. ಏಳನೇ ನಂಬರಿನ ಈ ಮನೆ ಶಿವಯ್ಯ ಎಂಬ ಡ್ರಿಲ್ಲರನ ಪಾಲಿಗೆ ಬಂದಿತ್ತು. ಅವನಿಂದ ವರ್ಷಾಳ ಅಜ್ಜ, ಗಣಿಯ ಮೇಸ್ತ್ರಿ ಹೊನ್ನಯ್ಯ, ಕೊಂಡುಕೊಂಡಿದ್ದ. ಪತ್ರದ ತಾರೀಖು ಸಾವಿರದ ಒಂಬೈನೂರ ಎಂಬತ್ತೆಂಟರ ಮೇ ಒಂಬತ್ತು. 'ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ' ಎಂಬ ಸಾಲಿನ ಕೆಳಗೆ ಶಿವಯ್ಯನದೆಂದು ಒಂದು ಹೆಬ್ಬೆಟ್ಟಿನ ಗುರುತು.

ವರ್ಷಾ ಪಂಚಾಯಿತಿ ಕಚೇರಿಗೆ ಒಯ್ದ ಫೈಲನ್ನು ಕಾರ್ಯದರ್ಶಿ ಚನ್ನಬಸವಯ್ಯ ತಿರುವಿ ನೋಡಿದ. "ಕಂಪನಿ ಶಿವಯ್ಯಂಗೆ ಬರ್ಕೊಟ್ಟ ಮೂಲ ಪತ್ರ ಇಲ್ವಲ್ಲಮ್ಮ. ಅವನ ಹೆಂಡ್ತಿ ಮಾಯಮ್ಮ ಇನ್ನೂ ಇದ್ದಾಳೆ. ಅವಳತ್ರ ನಕಲು ಏನಾದ್ರೂ ಇದ್ದೀತು, ಕೇಳ್ನೋಡು."

ಗಣಿಯ ಮಣ್ಣುಗುಡ್ಡೆಯ ಆಚೆ ಕಾಲೋನಿ. ಮಾಯಮ್ಮ ಅಲ್ಲಿ ಮಗ ಅಶೋಕನ ಮನೆಯಲ್ಲಿದ್ದಳು. ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಕಟ್ಟು ಹಾಕಿಸಿದ್ದ ಮೊಮ್ಮಗಳು ಭಾನುಪ್ರಿಯಾಳ ಪದವಿ ಪ್ರಮಾಣಪತ್ರ. ವರ್ಷಾ ಬಂದ ವಿಷಯ ಹೇಳಿದಳು.

"ಶಿವಯ್ಯನೋರು ನಮ್ಮಜ್ಜಂಗೆ ಮನೆ ಮಾರಿದ್ರಲ್ಲ ಅಮ್ಮ, ಅದರ ಹಿಂದಿನ ಪತ್ರ…"

"ಮಾರಿದ್ನಾ?" ಮಾಯಮ್ಮ ತಲೆಯೆತ್ತಿದಳು. "ಯಾವಾಗವ್ವ ಮಾರಿದ್ದು? ಕೆಲ್ಸದ ಜೊತ್ಗೆ ಮನೇನೂ ಓಯ್ತು, ಕಂಪ್ನಿ ವಾಪಸ್ ತಕ್ಕಂಡದೆ, ಖಾಲಿ ಮಾಡು ಅಂದ್ಬುಟ್ಟು ನಿಮ್ಮಜ್ಜ ಬಾಗ್ಲಲ್ಲಿ ನಿಂತಿದ್ರು. ಮೇಸ್ತ್ರಿ ಮಾತು, ನಂಬ್ದೆ. ಐದು ವರ್ಷದ ಅಶೋಕನ್ನ ಸೊಂಟಕ್ಕೇರಿಸ್ಕಂಡು ಬಂದೆ."

ಭಾನುಪ್ರಿಯಾ ವರ್ಷಾಳ ಕೈಯಿಂದ ಪತ್ರ ತೆಗೆದುಕೊಂಡು ಓದಿದಳು. ಒಳಗೆ ಹೋಗಿ ಪ್ಲಾಸ್ಟಿಕ್ ಕವರೊಂದನ್ನು ತಂದಳು. ವಿಧವಾ ವೇತನಕ್ಕೆಂದು ಮಾಡಿಸಿದ ಮರಣ ಪ್ರಮಾಣಪತ್ರ ಅದರಲ್ಲಿತ್ತು. ಎರಡನ್ನೂ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟಳು. ಶಿವಯ್ಯ ಸತ್ತದ್ದು ಎಂಬತ್ತೆಂಟರ ಫೆಬ್ರವರಿ ಹನ್ನೊಂದು.

"ಅಕ್ಕ, ನೀವು ಪತ್ರ ಟೈಪ್ ಮಾಡೋರು ತಾನೇ? ಸತ್ತು ಮೂರು ತಿಂಗಳಾದ್ಮೇಲೆ ಬಂದು ಹೆಬ್ಬೆಟ್ಟು ಒತ್ತೋರನ್ನ ಎಲ್ಲಾದ್ರೂ ನೋಡಿದ್ದೀರಾ?"

ಮಾಯಮ್ಮ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟಳು.

"ಇದ್ಯಾವನ ಕೈಯವ್ವ? ಗಣೀಲಿ ದಿಬ್ಬ ಕುಸ್ದು ಸತ್ತೋನ ಕೈಯ್ಯ ನಾನೇ ತೊಳ್ದು ಮಣ್ಣಿಗಿಟ್ಟಿದ್ದೀನಿ." ಅವಳ ದನಿ ಏರಿತು. "ಆಮ್ಯಾಕೆ ಎಂಟು ವರ್ಷ ಅದೇ ಮನೆ ಕೊಟ್ಗೇಲಿ ಕೂಲಿಗೆ ಸಗಣಿ ಬಾಚಿದ್ದೀನಿ ಕಣೆ. ನೀರು ಕೇಳಿದ್ರೆ ನಿಮ್ಮಜ್ಜಿ ಮೆಟ್ಲ ಕೆಳ್ಗೆ ಕೂರ್ಸಿ ಬೊಗ್ಸೆಗೆ ಉಯ್ತಿದ್ರು. ನನ್ ಮನೆ ಮೆಟ್ಲು ಅದು! ನನ್ ಮನೆ ಮೆಟ್ಲ ಕೆಳ್ಗೆ ನನ್ನ ಕೂರ್ಸಿದ್ರು!"

ವರ್ಷಾ ಕ್ರಯಪತ್ರ ಎತ್ತಿಕೊಂಡು ಎದ್ದು ಬಂದಳು.

ಮನೆಯಲ್ಲಿ ಅವಳು ಅಜ್ಜಿಯನ್ನು ನೇರವಾಗಿ ಕೇಳಿದಳು. ಕೃಷ್ಣಮ್ಮ ಸೆರಗಿನ ತುದಿ ತಿರುಚಿದಳು.

"ನುಗ್ಗೇಳ್ಳಿ ಸಂತೇಲಿ ಸಿಕ್ದ ಯಾವನ್ನೋ ಹೆಬ್ಬೆಟ್ಟು ಒತ್ಸಕ್ಕೆ ನಿಮ್ಮಜ್ಜ ಕರ್ಕಂಡೋಗಿದ್ರು. ಒಂದು ಪಂಚೆ ಕೊಡ್ಸಿ ಕಳ್ಸಿದ್ರಂತೆ. ಗಂಡನ ಎದ್ರು ಬಾಯಿ ಬಿಡೋ ಕಾಲ್ವಾ ಅದು? ಬಿಟ್ಟಿದ್ರೆ ನನ್ನ ಉಳಿಸ್ತಿದ್ರಾ?"

"ನೀರು ಉಯ್ದಿದ್ದೂ ಅಜ್ಜನೇನಾ?" ಎಂದಳು ವರ್ಷಾ.

ಕೃಷ್ಣಮ್ಮ ಮುಖ ತಿರುಗಿಸಿದಳು. ಪ್ರಸನ್ನಕುಮಾರನಿಗೆ ಸಿಟ್ಟು ಬಂತು.

"ಸತ್ತೋರ್ನೆಲ್ಲ ಯಾಕೆ ಎಳೀತೀಯ? ಮೂವತ್ತೇಳು ವರ್ಷ ಆಯ್ತು. ಕಳ್ಳತನ ಮಾಡಿದ್ದು ನಾನಾ? ಸೂರು ಸೋರಿದಾಗ ಹೆಂಚು ಹಾಕಿಸಿದ್ದು ನಾನು, ಕಂದಾಯ ಕಟ್ಟಿದ್ದು ನಾನು. ಇದು ಬಿಟ್ರೆ ನಮ್ಗೆ ಇನ್ನೊಂದು ಸೂರು ಎಲ್ಲದೆ? ನೀನು ಹುಟ್ಟಿದ್ದೂ ಇಲ್ಲೇ ಕಣೆ."

"ಅಶೋಕಣ್ಣ ಬೆಳೀಬೇಕಾಗಿದ್ದೂ ಇಲ್ಲೇ ಅಪ್ಪ."

"ಲಾಯರ್ ತರ ಮಾತಾಡ್ಬೇಡ. ಮೂಲ ಪತ್ರ ಕಳ್ದೋಗದೆ ಅಂತ ಒಂದು ಅಫಿಡವಿಟ್ ಟೈಪ್ ಮಾಡು, ನಾನು ಸೈನ್ ಹಾಕ್ತೀನಿ. ಚನ್ನಬಸವಯ್ಯಂಗೆ ನಾನು ಹೇಳ್ಕತೀನಿ."

"ಮಾಡಲ್ಲ."

"ಹಂಗಾದ್ರೆ ಈ ಮನೇಲಿ ಯಾಕಿದ್ದೀಯ?"

"ನಾನೂ ಅದನ್ನೇ ಕೇಳ್ಕಂತಿದ್ದೀನಿ," ಎಂದಳು ವರ್ಷಾ.

ಮರುದಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ಅವಳ ಬೆರಳುಗಳು ಕೀಲಿಗಳನ್ನು ಗುದ್ದುತ್ತಿದ್ದವು. 'ಸ್ವಸಂತೋಷದಿಂದ' ಎಂಬ ಪದವನ್ನು ತಾನು ಇದುವರೆಗೆ ಎಷ್ಟು ಸಲ ಟೈಪ್ ಮಾಡಿರಬಹುದು, ಹೆಬ್ಬೆಟ್ಟು ಒತ್ತಿದ ಎಷ್ಟು ಜನರ ಮುಖ ನೋಡದೆ ಮುಂದಿನ ಹಾಳೆ ತಿರುವಿರಬಹುದು ಎಂದು ನೆನೆದು ತನ್ನ ಮೇಲೂ ರೋಷ ಉಕ್ಕಿತು. ತನ್ನ ಹೆಸರಿನಲ್ಲೇ ಒಂದು ತಕರಾರು ಅರ್ಜಿ ಬರೆದಳು. ಏಳನೇ ನಂಬರಿನ ಮನೆಯ ಖಾತೆಯನ್ನು ತನ್ನ ತಂದೆಯ ಹೆಸರಿಗೆ ಮಾಡಬಾರದು. ಮಾರಿದನೆನ್ನಲಾದ ವ್ಯಕ್ತಿ ಅಂದು ಬದುಕಿರಲಿಲ್ಲ. ಭಾನುಪ್ರಿಯಾಳಿಂದ ಮರಣ ಪ್ರಮಾಣಪತ್ರದ ನಕಲು ತರಿಸಿಕೊಂಡು, ಕ್ರಯಪತ್ರದ ನಕಲಿನ ಜೊತೆ ಲಗತ್ತಿಸಿ ಪಂಚಾಯಿತಿಗೆ ಕೊಟ್ಟಳು. ಅಪ್ಪ ಅವಳೊಡನೆ ಮಾತು ಬಿಟ್ಟ.

ಹದಿನೈದು ದಿನದ ಮೇಲೆ ಚನ್ನಬಸವಯ್ಯ ಎರಡೂ ಮನೆಯವರನ್ನು ವಿಚಾರಣೆಗೆ ಕರೆಸಿದ. ಮಾಯಮ್ಮ ಮಗ, ಮೊಮ್ಮಗಳ ಜೊತೆ ಬಂದು ಎದುರಿನ ಕುರ್ಚಿಯಲ್ಲೇ ಕೂತಳು. ಪ್ರಸನ್ನಕುಮಾರ್ ಬಾಗಿಲ ಹತ್ತಿರ ನಿಂತ.

"ಕ್ರಯಪತ್ರ ರದ್ದು ಮಾಡೋದು ಕೋರ್ಟು," ಎಂದ ಚನ್ನಬಸವಯ್ಯ. "ನಾನು ಹೇಳಿಕೆ ಬರ್ಕಂಡು ಖಾತೆ ನಿಲ್ಲಿಸಬಹುದು, ಅಷ್ಟೇ. ಪ್ರಸನ್ನಕುಮಾರ್, ಶಿವಯ್ಯ ಯಾವಾಗ ತೀರ್ಕೊಂಡ ಅಂತ ನಿಮ್ಗೆ ಗೊತ್ತಿತ್ತಾ? ಆಗ ನೀವು ಹುಡುಗ. ಗೊತ್ತಿಲ್ಲ ಅಂದ್ರೂ ನಡೀತದೆ."

ಕಾರ್ಯದರ್ಶಿ ದಾರಿ ತೆರೆದು ಕೊಟ್ಟಿದ್ದ. ವರ್ಷಾ ನೆಲ ನೋಡಿದಳು. ಪ್ರಸನ್ನಕುಮಾರ್ ಮಾಯಮ್ಮನ ಕಡೆ ನೋಡಿದ. ಅವಳು ಕಣ್ಣು ಕದಲಿಸದೆ ಅವನನ್ನೇ ದಿಟ್ಟಿಸುತ್ತಿದ್ದಳು.

"ಗೊತ್ತಿತ್ತು ಸಾ," ಎಂದ ಅವನು. "ಎಂಟ್ನೇ ಕ್ಲಾಸಲ್ಲಿದ್ದೆ. ಸೈರನ್ ಕೂಗ್ತು, ಸ್ಕೂಲಿಂದ ಓಡೋಗಿದ್ದೆ. ಎಣ ಎತ್ತಾದ್ನ ನೋಡಿದ್ದೀನಿ. ಬ್ಯಾಸ್ಗೆ ರಜಾಕ್ಕೆ ನಮ್ ಸಾಮಾನು ಆ ಮನೆಗೆ ಬಂತು. ಅಪ್ಪನ್ನ ಒಂದು ಮಾತು ಕೇಳ್ಲಿಲ್ಲ. ಆಮೇಲೂ ಕೇಳ್ಲಿಲ್ಲ."



"ಮೂವತ್ತೇಳು ವರ್ಷ ನನ್ ಮುಂದೇನೇ ಓಡಾಡ್ದೆ," ಎಂದಳು ಮಾಯಮ್ಮ. "ಇವತ್ತು ಬಾಯಿ ಬಂತಾ?"

ಪ್ರಸನ್ನಕುಮಾರ್ ಬಾಗಿಲಿನಿಂದ ಮೇಜಿನ ಹತ್ತಿರ ಬಂದ. "ಕೋರ್ಟಲ್ಲೂ ಇದನ್ನೇ ಹೇಳ್ತೀನಿ. ಅಡ್ಡ ಬರಲ್ಲ," ಎಂದಷ್ಟೇ ಹೇಳಿದ.

ಚನ್ನಬಸವಯ್ಯ ಪೆನ್ನು ಹಿಡಿದ. "ನಿಮ್ಮ ಬೇಡಿಕೆ ಏನಮ್ಮ? ಮನೆ ಬಿಡಿಸಿ ಕೊಡಿ ಅಂತ ಬರೀಲಾ?"

"ಬರೀರಿ. ಆದ್ರೆ ಅದು ಆಮ್ಯಾಕೆ. ನನ್ ಗಂಡ ಮನೆ ಮಾರ್ಲಿಲ್ಲ. ಮೊದ್ಲು ಅದ್ನ ಬರೀರಿ."

ಅವನು ಬರೆದ. ಕೆಳಗೆ ಪ್ರಸನ್ನಕುಮಾರ್ ಸಹಿ ಮಾಡಿದ. ಸಾಕ್ಷಿಯೆಂದು ವರ್ಷಾ ಸಹಿ ಹಾಕಿದಳು. ಚನ್ನಬಸವಯ್ಯ ಹೇಳಿಕೆಯನ್ನು ಒಮ್ಮೆ ಓದಿ ಹಾಳೆಯನ್ನು ಫೈಲಿಗೆ ಸೇರಿಸಹೋದ.

"ಇನ್ನೊಂದ್ಸಲ ಓದಿ ಸಾ," ಎಂದಳು ಮಾಯಮ್ಮ. "ಗಟ್ಟಿಯಾಗಿ."

ಚನ್ನಬಸವಯ್ಯ ಗಂಟಲು ಸರಿಮಾಡಿಕೊಂಡ. ಹೊರಗಿನ ಜಗಲಿಯಲ್ಲಿ ಕಾಯುತ್ತಿದ್ದವರೂ ಮಾತು ನಿಲ್ಲಿಸಿ ಕಿವಿಗೊಡುವಷ್ಟು ಗಟ್ಟಿಯಾಗಿ, ಮೊದಲ ಸಾಲಿನಿಂದ ಓದತೊಡಗಿದ.